ಒಣಗಿದ ಮೇಲೆ ಬಳಿದ ರೆಸಿನ್

ಹೊನ್ನಾವರದಲ್ಲಿ, ಶರಾವತಿಯ ದಂಡೆಗೆ ನನ್ನ ಶೆಡ್ಡು. ಫೈಬರ್ ದೋಣಿ ಒಡೆದರೆ ಭಟ್ಕಳದಿಂದಲೂ ಇಲ್ಲಿಗೇ ತರುತ್ತಾರೆ. ನಾನು ಏಳನೇ ಇಯತ್ತೆಗೆ ಶಾಲೆ ಬಿಟ್ಟವನು. ಆದರೆ ನಾನು ರೆಸಿನ್ ಅಂಟು ಬಳಿದ ಜಾಗದಲ್ಲಿ ನೀರು ಒಳಗೆ ಬಂತೆಂದು ಇದುವರೆಗೆ ಯಾರೂ ದೋಣಿ ವಾಪಸು ತಂದಿಲ್ಲ.

ಹಳದೀಪುರದ ಶಾಲೆಯಲ್ಲಿ ನನ್ನ ಪಕ್ಕ ಕೂರುತ್ತಿದ್ದವನು ಈಗ ಕುಮಟಾದ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಾನೆ. ಮೀನಿನ ಐಸ್ ಪೆಟ್ಟಿಗೆಗೆ ಫೈಬರಿನ ಮುಚ್ಚಳ ಮಾಡಿಸಲು ಬಂದ. ಅದರೊಳಗೆ ಥರ್ಮಾಕೋಲಿನ ಬದಲು ಇಡಲಿಕ್ಕೆಂದು ತಾನೇ ಮಾಡಿದ ಬಿಲ್ಲೆಯೊಂದನ್ನು ಹತ್ತಿಯಲ್ಲಿ ಸುತ್ತಿ ತಂದಿದ್ದ. ಸಿಲಿಕಾದ ಏರೋಜೆಲ್ ಅಂತೆ. ಮರಳಿನದೇ ಜಾತಿ, ಆದರೆ ಒಳಗೆಲ್ಲ ಗಾಳಿ. ತಿಳಿನೀಲಿ ಹೊಗೆಯನ್ನು ಕತ್ತರಿಸಿ ಇಟ್ಟ ಹಾಗಿತ್ತು. ಮೇಜಿನ ಮೇಲೆ ಇಡುವಾಗಲೇ ಒಂದು ಮೂಲೆ ಉದುರಿತು.

"ಇದನ್ನ ಗಟ್ಟಿ ಮಾಡೂದು ಹೆಂಗೆ?" ಎಂದೆ.

"ಪಾಲಿಮರ್ ಕೊಟ್ಟು. ಅದ್ರದ್ದೇ ಕೆಲಸ ನಡೀತಾ ಉಂಟು. ನಿನ್ನ ರೆಸಿನ್ನೂ ಪಾಲಿಮರೇ ಆಗೂದು."

"ಹಂಗಾರೆ ನಂಗೆ ಬಿಡು."

ಅವನು ನಕ್ಕ. "ಇದು ನಿನ್ನ ದೋಣಿ ಅಲ್ಲ ಮಾರಾಯ. ಅಳತೆ ತಗೊ, ಮುಟ್ಟಬ್ಯಾಡ. ನಾಳೆ ಬತ್ತೆ."

ಆ ನಗೆ ನನಗೆ ಸೇರಲಿಲ್ಲ. ಅವನ ಬಸ್ಸು ಹೋದದ್ದೇ ರೆಸಿನ್ ತೆಳ್ಳಗೆ ಮಾಡಿಕೊಂಡೆ. ಇದ್ದುದರಲ್ಲಿ ಮೆತ್ತನೆಯ ಬ್ರಶ್ ತೆಗೆದು ಒಂದೇ ಒಂದು ಸಲ ಎಳೆದೆ. ಬಿಲ್ಲೆ ಕುಡಿಯಿತು. ಕುಡಿಯುತ್ತ ಕುಡಿಯುತ್ತ ನನ್ನ ಕಣ್ಣೆದುರೇ ಕುಗ್ಗಿ, ನೀಲಿ ಹೋಗಿ, ಸೀಳಿತು. ಉಳಿದದ್ದು ಹಳದಿಯ ನಾಲ್ಕು ಚೂರು.

ಮರುದಿನ ಅವನು ಬಂದು ನೋಡಿದ. ಬೈಯಲಿಲ್ಲ. ಬೈದಿದ್ದರೆ ನನಗೂ ಬಾಯಿ ಇತ್ತು.

"ತಪ್ಪು ನಂದೇ," ಎಂದ. "ಅಚ್ಚಿನಲ್ಲಿ ಹಸಿ ಇದ್ದಾಗ್ಲೇ ಪಾಲಿಮರ್ ಕೊಡ್ಬೇಕು. ಆಗ ಅದು ಕಣಕ್ಕೆ ಕಣ ಕಟ್ಟಿ ಹಿಡೀತದೆ. ಒಣಗಿದ ಮೇಲೆ ದ್ರವ ತಾಗಿದ್ರೆ ಒಳಗಿನ ಗೂಡೆಲ್ಲ ಒಂದನ್ನೊಂದು ಎಳ್ಕೊಂಡು ಕುಸೀತದೆ."

"ನಿನ್ನೆಯೇ ಹೇಳಿದ್ರೆ ನಂಗೆ ತಿಳೀತಿತ್ತು."

"ಹೌದು," ಎಂದು ಚೂರುಗಳನ್ನು ಅದೇ ಹತ್ತಿಯಲ್ಲಿ ಸುತ್ತಿಕೊಂಡ. ಮಕ್ಕಳಿಗೆ ಹೇಳುವ ಹಾಗಿತ್ತು ಆ ಹೌದು.

ಮಳೆಗಾಲ ಕಳೆದ ಮೇಲೆ ಹೊಸ ಬಿಲ್ಲೆ ತಂದ. ಹಸಿಯಲ್ಲೇ ಪಾಲಿಮರ್ ಕೊಟ್ಟದ್ದು. ತುಸು ಭಾರ, ನೀಲಿಯೂ ಕಡಿಮೆ. ಹೆಬ್ಬೆರಳಿನಿಂದ ಒತ್ತಿ ತೋರಿಸಿದ, ಮುರಿಯಲಿಲ್ಲ. ಅಷ್ಟರಲ್ಲಿ ನನ್ನ ಮುಚ್ಚಳ ಸಿದ್ಧವಾಗಿತ್ತು, ಕೂದಲೆಳೆಯಷ್ಟೂ ಅಳತೆ ತಪ್ಪಿರಲಿಲ್ಲ. ಬಿಲ್ಲೆ ಇಡಲು ಕೈ ಚಾಚಿದೆ.

"ನೀ ಮುಚ್ಚಳ ಹಿಡ್ಕೊ, ಆತು," ಎಂದ.

ಹಿಡಿದುಕೊಂಡೆ. ನನ್ನ ಶೆಡ್ಡಿನಲ್ಲಿ, ನಾನು ಮಾಡಿದ ಮುಚ್ಚಳದೊಳಗೆ ಅವನೇ ಇಟ್ಟ. ನಾನು ಅಂಚು ಮುಚ್ಚಿ ರೆಸಿನ್ ಎಳೆದೆ.

"ಒಳಗೆ ಇಳಿಯೂದಿಲ್ಲ ಅಲ್ದಾ?" ಎಂದು ಕೇಳಿದ.

ಇಲ್ಲ ಎಂದೆ. ಮತ್ತೆ ಕೇಳಿದ. ಇಲ್ಲ ಎಂದೆ. ಮೂರನೆಯ ಸಲ ಕೇಳಲಿಲ್ಲ. ರೆಸಿನ್ ಬಿಗಿದ ಮೇಲೆ ಬಗ್ಗಿ, ನಾನು ಮುಚ್ಚಿದ ಅಂಚಿನ ಮೇಲೆ ಉದ್ದಕ್ಕೂ ಬೆರಳಾಡಿಸಿ ನೋಡಿದ.