ಸುಣ್ಣ ಹಚ್ಚಿದ ಈಚಲು ಮರಗಳು

ನೆನೆದ ಈಚಲು ಗರಿಗೆ ಒಂದು ವಾಸನೆ ಇರುತ್ತದೆ. ಕೆರೆಯ ತಳದ ಕೆಸರು, ಹಸಿ ಹುಲ್ಲು, ಅದರ ಹಿಂದೆ ಸಣ್ಣದೊಂದು ಹುಳಿ. ಕಳೆದ ತಿಂಗಳು ಹೊನ್ನಾಳಿಯಲ್ಲಿ ನನ್ನ ಅಕ್ಕ ಗೌರಿ ತೀರಿಕೊಂಡಾಗ ಆ ವಾಸನೆಗಾಗಿ ನಾನು ಮನೆಯೆಲ್ಲ ಹುಡುಕಿದೆ. ನಮ್ಮಲ್ಲಿ ಸತ್ತವರನ್ನು ಈಚಲು ಚಾಪೆಯ ಮೇಲೆ ಮಲಗಿಸುವುದು ರೂಢಿ. ಅಕ್ಕನ ಮಗ ಅಂಗಡಿಯಿಂದ ಪ್ಲಾಸ್ಟಿಕ್ ಚಾಪೆ ತಂದ. ಅದರ ಮೇಲೆ ಗಿಳಿಗಳ ಚಿತ್ರವಿತ್ತು. ಅವನ ತಪ್ಪಲ್ಲ, ಚಾಪೆ ಹೆಣೆಯುವವರು ಈಗ ಯಾರಿದ್ದಾರೆ? ಆದರೂ ಇಷ್ಟು ವರ್ಷ ನುಂಗಿಕೊಂಡಿದ್ದ ಸಿಟ್ಟು ಅಂದು ಗಂಟಲಿಗೆ ಬಂತು.

ನಮ್ಮ ಮನೆ ಸಂತೇಬೆನ್ನೂರಿನ ಕಡೆಯ ಒಂದು ಹಳ್ಳಿಯಲ್ಲಿ, ಹಳ್ಳದ ದಂಡೆಗಿತ್ತು. ಅಪ್ಪ ಅವ್ವ ಪ್ಲೇಗಿನಲ್ಲಿ ಹೋದ ಮೇಲೆ ಅಕ್ಕನನ್ನೂ ನನ್ನನ್ನೂ ಸಾಕಿದವರು ಅಜ್ಜಿ ಮತ್ತು ಚಿಕ್ಕಪ್ಪ. ಹಳ್ಳದುದ್ದಕ್ಕೂ ಈಚಲು ಬನ. ಅದರಲ್ಲಿ ಕೆಲವು ಮರಗಳನ್ನು ಹೆಂಡದ ಗುತ್ತಿಗೆದಾರನ ಆಳುಗಳು ಕೊರೆದು, ಮಡಕೆ ಕಟ್ಟಿ ಹೆಂಡ ಇಳಿಸುತ್ತಿದ್ದರು. ಅವುಗಳ ಗರಿಯನ್ನು ಅಜ್ಜಿ ಮುಟ್ಟುತ್ತಿರಲಿಲ್ಲ. ಅವಳ ಮರಗಳು ಬೇರೆ, ಗಾಯ ಕಾಣದ ಎಳೆಯವು. ನಡುವಿನ ಸುಳಿ ಬಿಟ್ಟು ಸುತ್ತಲಿನ ಗರಿಯನ್ನಷ್ಟೇ ಕೊಯ್ದು, ಒಣಗಿಸಿ, ಮತ್ತೆ ನೀರಿನಲ್ಲಿ ನೆನೆಸಿ, ಸೀಳಿ, ಅಜ್ಜಿ, ಅಕ್ಕ, ನಾನು ಮೂವರೂ ಪಡಸಾಲೆಯಲ್ಲಿ ಕೂತು ಹೆಣೆಯುತ್ತಿದ್ದೆವು. ಬೆರಳುಗಳ ತುದಿ ಸದಾ ಉರಿಯುತ್ತಿತ್ತು. ಹೊಸ ಚಾಪೆಯ ಮೇಲೆ ಹೊರಳಿದರೆ ಅದು ಸಣ್ಣಗೆ ಚರಚರ ಎನ್ನುತ್ತಿತ್ತು. "ಸುಮ್ನೆ ಮಲಗ್ರೇ, ಚಾಪೆಗೂ ನಿದ್ದೆ ಬ್ಯಾಡೇನು?" ಎಂದು ಅಜ್ಜಿ ಗದರುತ್ತಿದ್ದಳು. ಸಂತೆಯಲ್ಲಿ ಚಾಪೆ ಕೊಟ್ಟು ತಂದ ಜೋಳವೇ ನಮ್ಮ ಊಟ.

ಬ್ರಿಟಿಷರು ದೇಶ ಬಿಟ್ಟು ತೊಲಗಲಿ ಎಂಬ ಕೂಗು ಎದ್ದ ವರ್ಷ ಅದು. ಮಹಾರಾಜರ ಸೀಮೆಯಾದ ನಮ್ಮಲ್ಲಿಗೂ ಅದು ಬಂತು. ಚಿಕ್ಕಪ್ಪ ಬಿಳಿ ಟೋಪಿ ಹಾಕಿಕೊಂಡ. ಹೆಂಡದ ಗುತ್ತಿಗೆಯಿಂದ ಸರ್ಕಾರ ಬದುಕುತ್ತದೆ, ಈಚಲು ಕಡಿದರೆ ಸರ್ಕಾರದ ಹೊಟ್ಟೆಗೆ ಹೊಡೆದಂತೆ ಎಂದು ಪಟ್ಟಣದ ವಕೀಲರೊಬ್ಬರು ಸಂತೆಯಲ್ಲಿ ಭಾಷಣ ಮಾಡಿದ್ದರು. ಅದನ್ನು ಚಿಕ್ಕಪ್ಪ ಬಂದು ಹೇಳಿದಾಗ ಅಜ್ಜಿ ಕೈಯಲ್ಲಿದ್ದ ಗರಿ ಕೆಳಗಿಟ್ಟಳು.

"ಹೆಂಡದ ಮರ ಕಡೀರಿ, ಪುಣ್ಯ ಬರ್ತೈತೆ. ನನ್ನ ಗರಿ ಮರ ಹೋದ್ರೆ ಈ ಹುಡುಗೇರಿಗೆ ತಿನ್ನಾಕೆ ಏನು ಕೊಡ್ಲೋ? ನಿನ್ನ ಟೋಪಿ ಬೇಯಿಸಿ ಹಾಕ್ಲೇನು?"

ಚಿಕ್ಕಪ್ಪ ನಕ್ಕುಬಿಟ್ಟ. "ಟೋಪಿ ಬೇಯಾಕಿಲ್ಲವ್ವ, ಖಾದಿ ಗಟ್ಟಿ. ನಿನ್ನ ಮರಕ್ಕೆ ಗುರ್ತು ಹಾಕಿಡು. ನಾನೇ ಮುಂದೆ ನಿಂತಿರ್ತೀನಿ, ಒಂದಕ್ಕೂ ಕೊಡ್ಲಿ ತಾಗಾಕೆ ಬಿಡಾಕಿಲ್ಲ."

ನಮ್ಮೂರಲ್ಲಿ ಬೀಜಕ್ಕೆ ಬಿಟ್ಟ ಸೋರೆಕಾಯಿಗೆ ಸುಣ್ಣದ ಬೊಟ್ಟು ಇಡುತ್ತಿದ್ದರು. ಆ ಬೊಟ್ಟು ಕಂಡರೆ ಹಸಿದ ದನಗಾಹಿಯೂ ಅದನ್ನು ಕೀಳುತ್ತಿರಲಿಲ್ಲ. ಅಜ್ಜಿಗೆ ತಿಳಿದ ಗುರುತು ಅದೊಂದೇ. ಅಕ್ಕ ಸುಣ್ಣದ ಗಡಿಗೆ ಹೊತ್ತಳು, ನಾನು ಹಿಂದೆ ಹೋದೆ, ಅಜ್ಜಿ ತನ್ನ ಮರಗಳಿಗೆಲ್ಲ ಸೊಂಟದೆತ್ತರಕ್ಕೆ ಪಟ್ಟಿ ಬಳಿದಳು. ಸಂಜೆಯ ಬಿಸಿಲಿಗೆ ಅವು ಹೊಸ ಬಟ್ಟೆ ಉಟ್ಟ ಮಕ್ಕಳಂತೆ ಕಂಡವು.

ಮರ ಕಡಿಯುವ ದಿನ ಬೆಳಿಗ್ಗೆಯೇ ಪೊಲೀಸರು ಚಿಕ್ಕಪ್ಪನನ್ನು ಹಿಡಿದು ಲಾರಿಗೆ ಹತ್ತಿಸಿಕೊಂಡು ಹೋದರು. ಊರ ಗಂಡಸರು ಹೆದರಿ ಹೊಲ ಸೇರಿದರು. ಬಂದವರು ಹೊರಗಿನವರೇ, ಮುಂದೆ ವಕೀಲರು. ಅವರು ಕಂಡಿದ್ದ ಜಗಳೂರಿನ ಕಡೆ ಹೆಂಡದ ಗುತ್ತಿಗೆಯ ಮರಗಳಿಗೇ ಗುರುತಿಗೆಂದು ಸುಣ್ಣ ಬಳಿಯುತ್ತಿದ್ದರಂತೆ. "ಸುಣ್ಣದ ಮರ ಒಂದನ್ನೂ ಬಿಡಬೇಡಿ!" ಎಂದು ಕೂಗಿದರು. ಜಯಘೋಷದ ನಡುವೆ ಮೊದಲ ಮರ ಉರುಳಿತು.

ಅಜ್ಜಿ ಸೆರಗು ಜಾರಿದ್ದೂ ತಿಳಿಯದೆ ಓಡಿದಳು. "ಬಿಡ್ರೀ ಸ್ವಾಮಿ! ಸುಣ್ಣ ಹಚ್ಚಿದ್ದು ಉಳಿಸಾಕೆ ರೀ, ಕಡಿಯಾಕಲ್ಲ!"

"ಯಾಕಜ್ಜಿ, ಹೆಂಡ ಸಿಗಾಕಿಲ್ಲ ಅಂತ ದುಃಖವೇನು?" ಎಂದು ಒಬ್ಬ ಕೇಳಿದ. ಎಲ್ಲರೂ ನಕ್ಕರು. ವಕೀಲರು ನಗಲಿಲ್ಲ. "ಗುತ್ತಿಗೆದಾರ ಕಳಿಸಿರಬೇಕು. ಪಕ್ಕಕ್ಕೆ ಕೂರಿಸಿ," ಎಂದರು. ಒಂದು ಮಾತು ಕೇಳಬಹುದಿತ್ತು. ಆ ಮರಗಳಲ್ಲಿ ಮಡಕೆ ಇದೆಯೇ ಎಂದು ತಲೆಯೆತ್ತಿ ನೋಡಬಹುದಿತ್ತು. ದೇಶವನ್ನೇ ಬಿಡಿಸಲು ಹೊರಟವರಿಗೆ ಒಂದು ಮುದುಕಿಯ ಮಾತು ಕೇಳುವಷ್ಟು ಪುರುಸೊತ್ತಿರಲಿಲ್ಲ. ಇದನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಅವರು ಹೋದ ಮೇಲೆ ಬನದಲ್ಲಿ ಹೆಂಡದ ಮರಗಳಷ್ಟೇ ನಿಂತಿದ್ದವು. ಸಂಜೆ ಆಳುಗಳು ಬಂದು ಎಂದಿನಂತೆ ಮಡಕೆ ಇಳಿಸಿಕೊಂಡು ಹೋದರು.

ಚಿಕ್ಕಪ್ಪ ಜೈಲಿನಿಂದ ಕೆಮ್ಮುತ್ತಾ ಬಂದ. ಹಳ್ಳದ ದಂಡೆಯಲ್ಲಿ ಬುಡಗಳ ನಡುವೆ ಬಹಳ ಹೊತ್ತು ನಿಂತ. "ಸ್ವರಾಜ್ಯ ಬಂತೇನಪ್ಪಾ?" ಎಂದಳು ಅಜ್ಜಿ. ಅವನು ಮರುದಿನದಿಂದ ಈಚಲು ಬೀಜ ಆಯ್ದು ತಂದು ದಂಡೆಯಲ್ಲಿ ಊರತೊಡಗಿದ. ಅವು ಗೇಣುದ್ದ ಬೆಳೆಯುವ ಮೊದಲೇ ಹೋಗಿಬಿಟ್ಟ. ಅವನನ್ನು ಮಲಗಿಸಿದ್ದು ನಮ್ಮ ಮನೆಯಲ್ಲಿ ಉಳಿದಿದ್ದ ಕೊನೆಯ ಚಾಪೆಯ ಮೇಲೆ. ಆಮೇಲೆ ಅಜ್ಜಿ ನಮ್ಮಿಬ್ಬರನ್ನು ಕರೆದುಕೊಂಡು ಸೂಳೆಕೆರೆಯ ಕೆಳಗಿನ ಗದ್ದೆಗಳಿಗೆ ಕೂಲಿಗೆ ನಡೆದಳು. ಮನೆ ಬಿದ್ದುಹೋಯಿತು.

ಸ್ವಾತಂತ್ರ್ಯ ಬಂದು ಬಾವುಟ ಹಾರಿದ ದಿನ ವಕೀಲರು ಸಂತೇಬೆನ್ನೂರಿನ ಶಾಲೆಯ ಮುಂದೆ ಕುರ್ಚಿಯಲ್ಲಿ ಕೂತಿದ್ದರು. ಪಕ್ಕದ ಕುರ್ಚಿಯಲ್ಲಿ ಖಾದಿ ತೊಟ್ಟ ಅದೇ ಹೆಂಡದ ಗುತ್ತಿಗೆದಾರ. ಅಜ್ಜಿಯ ಕೈಗೆ ಯಾರೋ ಸಕ್ಕರೆ ಹಾಕಿದರು. ಅವಳು ಅದನ್ನು ಅಲ್ಲೇ ಇರುವೆಗಳಿಗೆ ಸುರಿದು ಬಂದಳು.

ಅಕ್ಕ ಮದುವೆಯಾಗಿ ಹೊನ್ನಾಳಿ ಸೇರಿದಳು. ಅಲ್ಲಿ ಅವಳ ಹಿತ್ತಿಲಲ್ಲಿ ಬೀಜದ ಸೋರೆಕಾಯಿಗೆ ಎಂದೂ ಸುಣ್ಣ ಬೀಳಲಿಲ್ಲ. "ಗುರ್ತು ಯಾಕೆ ಬೇಕು? ನಾನೇ ಕಾಯ್ತೀನಿ," ಎಂದು ಕೋಲು ಹಿಡಿದು ಕೂರುತ್ತಿದ್ದಳು. ಅವಳನ್ನು ಆ ಗಿಳಿಗಳ ಮೇಲೆ ಮಲಗಿಸಿದಾಗ ನಾನು ಕಿವಿಗೊಟ್ಟು ಕೂತಿದ್ದೆ. ಚಾಪೆ ಏನೂ ಅನ್ನಲಿಲ್ಲ.