ಬೇಲಿಯಾಚೆಯ ಸಿಪಾಯಿ

ಗುಡ್ಡದ ಹಿಂದಿನಿಂದ ಸೂರ್ಯ ಇಣುಕುವಷ್ಟರಲ್ಲಿ ಆರ್ಡಿತ್ ಕ್ರೌಲ್ ಒದ್ದೆ ಹುಲ್ಲಿನಲ್ಲಿ ಮೊಣಕಾಲೂರಿ ಆಗಿದೆ. ಕೈಯಲ್ಲಿ ಬಚ್ಚಲುಮನೆಯ ಗೋಡೆಯಿಂದ ಬಿಚ್ಚಿ ತಂದ ಕನ್ನಡಿ. ಗೋರಿಗಲ್ಲಿನ ಮುಖ ಪಡುವಣಕ್ಕಿದೆ, ಇನ್ನೂ ನೆರಳಲ್ಲಿದೆ. ಎಳೆಬಿಸಿಲನ್ನು ಕನ್ನಡಿಯಲ್ಲಿ ಹಿಡಿದು ಕಲ್ಲಿನ ಮೇಲೆ ಅಡ್ಡಲಾಗಿ ಹಾಯಿಸುತ್ತಾಳೆ. ಸವೆದು ಹೋಗಿದ್ದ ಅಕ್ಷರಗಳು ನೆರಳು ಕಟ್ಟಿಕೊಂಡು ಏಳುತ್ತವೆ.

"ಹೊತ್ತೇರಿದ್ರೆ ಕಲ್ಲು ಬಾಯಿ ಮುಚ್ಕೊಂಡುಬಿಡುತ್ತೆ," ಎನ್ನುತ್ತಾಳೆ. ಹಾಗಾಗಿ ಅವಳದು ಯಾವಾಗಲೂ ಓಟವೇ. ಈ ಕಲ್ಲು ಮುಗಿದರೆ ಆ ಕಲ್ಲು, ಅದು ಮುಗಿದರೆ ಶಾಲೆಯ ಅಡುಗೆಮನೆ. ಮಕ್ಕಳಿಗೆ ಬಡಿಸಿ ಪಾತ್ರೆ ತೊಳೆದ ಮೇಲೆ ಹುಲ್ಲು ಕತ್ತರಿಸುವ ಯಂತ್ರ ಹೇರಿಕೊಂಡು ಮತ್ತೆ ಗುಡ್ಡ.

ವರ್ಜೀನಿಯಾದ ಈ ಕಣಿವೆಯಲ್ಲಿ ಹೊಲಕ್ಕೊಂದು ಮನೆತನದ ಸ್ಮಶಾನವಿದೆ. ದಿಕ್ಕಿಲ್ಲದವುಗಳನ್ನೆಲ್ಲ ಆರ್ಡಿತ್ ನೋಡಿಕೊಳ್ಳುತ್ತಾಳೆ. ಬೇಸಿಗೆಯಲ್ಲಿ ಓಹಾಯೊದಿಂದಲೋ ಟೆಕ್ಸಾಸಿನಿಂದಲೋ ತಾತನ ತಾತನನ್ನು ಹುಡುಕಿಕೊಂಡು ಬರುವವರು ಅವಳ ಬಾಗಿಲು ತಟ್ಟುತ್ತಾರೆ. ಗೋರಿ ಸಿಕ್ಕಿದರೆ ಅಳುತ್ತಾರೆ, ಫೋಟೊ ತೆಗೆದುಕೊಂಡು ಹೋಗುತ್ತಾರೆ. ಅವಳ ಹೆಸರು ಕೇಳುವುದನ್ನು ಮರೆಯುತ್ತಾರೆ.

ಇಷ್ಟು ಜನರ ಹಿರಿಯರನ್ನು ಹುಡುಕಿಕೊಟ್ಟವಳಿಗೆ ಈ ವಸಂತದಲ್ಲಿ ತನ್ನ ಮನೆತನದ ಹಿರಿಯನೇ ಕಳೆದುಹೋಗಿದ್ದಾನೆ.

ಟೋಬಿಯಾಸ್ ಕ್ರೌಲ್, ಬೆಟ್ಟ ದಾಟಿ ಬಂದು ಈ ಕಣಿವೆಯಲ್ಲಿ ಮೊದಲು ಮರ ಕಡಿದವನು. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಇಂಗ್ಲೆಂಡಿನ ದೊರೆಯ ವಿರುದ್ಧ ಬಂದೂಕು ಹಿಡಿದವನು. ಮನೆತನದ ಸ್ಮಶಾನದ ನಡುವಿನ ಬಿಳಿಗಲ್ಲು ಅವನದೆಂದೇ ಎಲ್ಲರ ನಂಬಿಕೆ. ವರ್ಷಕ್ಕೊಮ್ಮೆ ಬರುವ ಗೋರಿ ಸಿಂಗಾರದ ಭಾನುವಾರ ನೆಂಟರಿಷ್ಟರು ಕೋಳಿ ಹುರಿದು, ಜೋಳದ ರೊಟ್ಟಿ ಕಟ್ಟಿಕೊಂಡು ಬಂದು, ಮೊದಲ ಹೂವನ್ನೂ ಪುಟ್ಟ ಬಾವುಟವನ್ನೂ ಇಡುವುದು ಅಲ್ಲೇ. ಈ ಸಲ ಸಿಪಾಯಿಗಳ ವಂಶಸ್ಥರ ಸಂಘದವರು ಅಲ್ಲಿ ಕಂಚಿನ ಫಲಕ ಹಾಕಬೇಕಿತ್ತು. ತೊಂಬತ್ತು ದಾಟಿದ ಸೋದರತ್ತೆ ಓಸೀ ಜೀವ ಹಿಡಿದುಕೊಂಡಿರುವುದೇ ಅದಕ್ಕೆ. ಆ ಕಲ್ಲಿನ ಪಕ್ಕದ ಜಾಗವನ್ನು ತನಗೆಂದು ಕಾದಿರಿಸಿಕೊಂಡಿದ್ದಾಳೆ.

ಫಲಕದವರಿಗೆ ತೋರಿಸಲೆಂದು ಆರ್ಡಿತ್ ಆ ಕಲ್ಲಿಗೂ ಕನ್ನಡಿ ಹಿಡಿದಳು. ಸತ್ತ ವರ್ಷ, ಎಲ್ಲರೂ ಓದುತ್ತ ಬಂದ ೧೮೨೨, ಸರಿಯಾಗಿತ್ತು. ವಯಸ್ಸು ಎಪ್ಪತ್ತೊಂಬತ್ತಲ್ಲ, ನಲವತ್ತೊಂಬತ್ತು. ಅಂದರೆ ೧೭೭೫ರಲ್ಲಿ ಶುರುವಾದ ಯುದ್ಧದ ಕಾಲಕ್ಕೆ ಇವನಿನ್ನೂ ಹುಡುಗ. ಅಪ್ಪನ ಹೆಸರನ್ನೇ ಇಟ್ಟುಕೊಂಡ ಮಗ.

ಹಾಗಾದರೆ ಅಪ್ಪ ಎಲ್ಲಿ? ಅವಳಿಗೆ ನಿದ್ದೆ ಹಾರಿಹೋಯಿತು. ಬೇಲಿಯ ಆಚೆ, ದನ ಮೇಯುವಲ್ಲಿ, ಹೊಲದಿಂದ ಎತ್ತಿ ನಿಲ್ಲಿಸಿದ ಬರೀ ಕಲ್ಲುಗಳ ಸಾಲಿದೆ. ಗೋರಿಬಳ್ಳಿ ಎಂದು ಇಲ್ಲಿಯವರು ಕರೆಯುವ ನೀಲಿ ಹೂವಿನ ಹಂಬು ದಟ್ಟವಾಗಿ ಹಬ್ಬಿರುವುದೂ ಅಲ್ಲೇ. ಗೋರಿಯ ಮೇಲೆ ನೆಟ್ಟವರು ಹೋದರೂ ಆ ಬಳ್ಳಿ ಹೋಗುವುದಿಲ್ಲ. ಹೆಸರಿಲ್ಲದ ಕಲ್ಲೆಂದರೆ ಕ್ರೌಲ್ ಮನೆತನದವರು ದುಡಿಸಿಕೊಂಡ ಗುಲಾಮರದ್ದು ಎಂದುಕೊಂಡು ಅವಳ ತಾತ ಬೇಲಿ ಕಟ್ಟುವಾಗ ಅವನ್ನು ಹೊರಗೆ ಬಿಟ್ಟಿದ್ದ. ಮೊದಮೊದಲು ಬಂದವರ ಕಾಲದಲ್ಲಿ ಕಲ್ಲು ಕೆತ್ತುವವರೇ ಇರಲಿಲ್ಲ, ಒಡೆಯನಿಗೂ ಆಳಿಗೂ ಅದೇ ಹೊಲದ ಕಲ್ಲು ಎಂಬುದು ತಾತನಿಗೆ ಹೊಳೆಯಲಿಲ್ಲ. ಹಿರಿಯ ಟೋಬಿಯಾಸನೂ ಆ ಸಾಲಿನಲ್ಲೇ ಎಲ್ಲೋ ಇರಬೇಕು.

ಅತ್ತೆಯ ಮಗ ಲೆಸ್ಟರ್‌ಗೆ ಇದೆಲ್ಲ ತಲೆನೋವು. "ಯಾವುದೋ ಒಂದು ಕಲ್ಲು ತೋರಿಸಿಬಿಡಕ್ಕ. ಸತ್ತೋನು ಎದ್ದು ಬಂದು ನಾನಲ್ಲ ಅಂತಾನಾ?"

"ಅವನು ಬರಲ್ಲ. ಪಕ್ಕದಲ್ಲಿ ಮಲಗಿರೋನು ಬಂದು, ಬದುಕಿದ್ದಾಗ ದುಡಿಸ್ಕೊಂಡ್ರಿ, ಈಗ ಗೋರಿನೂ ಕಿತ್ಕೊಂಡ್ರಾ ಅಂದ್ರೆ ನೀನು ಉತ್ತರ ಹೇಳ್ತೀಯಾ?"

ಗುರುತಿಲ್ಲದ ಗೋರಿಗೆ ಫಲಕವಿಲ್ಲವೆಂದು ಸಂಘದವರು ಕೈ ತೊಳೆದುಕೊಂಡರು. ಉಳಿದದ್ದು ಅತ್ತೆಗೆ ಹೇಳುವುದು. ಹೇಳದೇ ಇದ್ದುಬಿಡಬಹುದಿತ್ತಲ್ಲ ಎಂದರೆ ಆರ್ಡಿತ್ ಕನ್ನಡಿಯನ್ನು ಅಂಗಿಯ ಅಂಚಿನಲ್ಲಿ ಒರೆಸುತ್ತ, "ಕಂಡವರಿಗೆಲ್ಲ ನಿಜ ಓದಿ ಹೇಳಿ, ಮನೆಯವಳಿಗೆ ಸುಳ್ಳು ಓದ್ಲಾ?" ಎನ್ನುತ್ತಾಳೆ.

ಓಸೀ ಅತ್ತೆ ಜಗಲಿಯ ತೂಗುಕುರ್ಚಿಯಲ್ಲಿ ಕುಳಿತು ಪೂರ್ತಿ ಕೇಳಿದಳು.

"ಅಂದ್ರೆ ಜೀವಮಾನವೆಲ್ಲ ತಪ್ಪು ಮನುಷ್ಯನಿಗೆ ಹೂವಿಟ್ನಾ?"

"ಅವನ ಮಗನಿಗೇ ಇಟ್ಟೆಯಲ್ಲ ಅತ್ತೆ. ಅವನೂ ನಮ್ಮೋನೇ."

"ಬೇಲಿ ಆಚೆ ಆ ಕಲ್ಲುಗಳ ನಡುವೆ ನಾವು ಕುಂಟಾಬಿಲ್ಲೆ ಆಡ್ತಿದ್ವಿ ಕಣೆ." ಮುದುಕಿ ಕಾಲೂರಿ ಕುರ್ಚಿ ನಿಲ್ಲಿಸಿದಳು. "ಅವನದು ಯಾವುದು ಅಂತ ಗೊತ್ತೇ ಆಗಲ್ವಾ?"

"ಆಗಲ್ಲ."

"ಹಂಗಾದ್ರೆ ಬೇಲಿ ಕೀಳಿಸು. ನನ್ನ ಜಾಗಾನೂ ಆಚೆಗೆ ಹಾಕ್ಸು. ಯಾರ ಪಕ್ಕ ಆದ್ರೂ ಸರಿ, ತುಳಿದಿದ್ದಕ್ಕೆ ಮಾತಾಡಿಸಿ ಕ್ಷಮೆ ಕೇಳ್ಬೇಕು."

ಈಗ ಲೆಸ್ಟರ್ ಗೊಣಗುತ್ತಲೇ ಕಂಬ ಕೀಳುತ್ತಿದ್ದಾನೆ. ಆರ್ಡಿತ್ ಒಂದೆಡೆ ನಿಲ್ಲುವವಳಲ್ಲ. ಬಳ್ಳಿ ಎಲ್ಲಿಯವರೆಗೆ ಹಬ್ಬಿದೆಯೋ ಅಲ್ಲಿಯವರೆಗೆ ಹೊಸ ಗೂಟ ಹೊಡೆಯುತ್ತ ಓಡಾಡುತ್ತಾಳೆ. ಭಾನುವಾರಕ್ಕೆ ಹೂವು ಹೆಚ್ಚಿಗೆ ಬೇಕು, ಒಂದು ಕಲ್ಲೂ ಬರಿದಾಗಿರಬಾರದು ಎಂಬುದೊಂದೇ ಅವಳ ಆಸೆ. ಬಾವುಟ ಮಾತ್ರ ಒಂದೇ ಇದೆ. ಅದನ್ನೆಲ್ಲಿ ನೆಡುತ್ತೀ ಎಂದರೆ ಗೂಟದ ಮೇಲೊಂದು ಪೆಟ್ಟು ಹಾಕಿ ಹೇಳುತ್ತಾಳೆ:

"ಬಾಗಿಲಲ್ಲಿ. ಒಳಗೆ ಬಂದೋರು ಎಲ್ರಿಗೂ ತಲೆಬಾಗ್ಲಿ, ಅವನಿಗೂ ಸೇರುತ್ತೆ."