ನೀಲಿ ಹೆಬ್ಬೆರಳು

ದಾರದಮ್ಮನ ಬಲಗೈ ಹೆಬ್ಬೆರಳು ನೀಲಿಯಾಗಿತ್ತು. ಉಗುರಿನ ಸಂದಿಯಿಂದ ಗೆಣ್ಣಿನವರೆಗೂ ಕಡುನೀಲಿ. ಸೋಪಿಗೂ ಹೋಗದು, ಸೀಮೆಎಣ್ಣೆಗೂ ಹೋಗದು. ಊಟಕ್ಕೆ ಕುಳಿತರೆ ಜೋಳದ ರೊಟ್ಟಿಯ ಮೇಲೆ ಆ ಬೆರಳೊಂದೇ ಎದ್ದು ಕಾಣುತ್ತಿತ್ತು. ಬಳ್ಳಾರಿಯಲ್ಲಿ, ಬ್ರೂಸ್‌ಪೇಟೆಯ ಹಿಂದಿನ ಓಣಿಯೊಂದರಲ್ಲಿ, ನಾವು ಹತ್ತು ಹನ್ನೆರಡು ಮಂದಿ ಜೀನ್ಸ್ ಪ್ಯಾಂಟು ಹೊಲಿಯುತ್ತಿದ್ದೆವು. ಹೊಲಿದ ಪ್ಯಾಂಟಿನಲ್ಲಿ ಜೋತುಬಿದ್ದ ದಾರದ ತುದಿಗಳನ್ನು ಕತ್ತರಿಸುವುದು ಆಕೆಯ ಕೆಲಸ. ಅದಕ್ಕೇ ಎಲ್ಲರ ಬಾಯಲ್ಲೂ ದಾರದಮ್ಮ. ಬಾಗಿಲ ಬೆಳಕಿಗೆ ಗೋಣಿಚೀಲ ಹಾಸಿಕೊಂಡು ದಿನವಿಡೀ ಹೊಸ ಬಟ್ಟೆ ಮುಟ್ಟಿ ಮುಟ್ಟಿ ಬೆರಳಿಗೆ ಬಣ್ಣ ಇಳಿದಿತ್ತು.

ಆಕೆಗೊಂದು ಚಟವಿತ್ತು. ಆಗ ನಾನು ಅದನ್ನು ಚಟವೆಂದೇ ಕರೆಯುತ್ತಿದ್ದೆ. ಸಂಜೆ ಕೆಲಸ ಮುಗಿಯುತ್ತಲೇ ನಾವೆಲ್ಲ ಬಸ್ಸು ತಪ್ಪೀತೆಂದು ಚಪ್ಪಲಿ ಹುಡುಕುತ್ತಿದ್ದರೆ, ಈ ಮಹಾತಾಯಿ ಸೊಂಟ ಹಿಡಿದುಕೊಂಡು ಎದ್ದು ಒಬ್ಬೊಬ್ಬರ ಹತ್ತಿರ ಹೋಗಿ ನಿಲ್ಲುತ್ತಿದ್ದಳು. “ಮಧ್ಯಾಹ್ನ ಫ್ಯಾನ್ ನನ್ನ ಕಡಿ ತಿರುಗಿಸಿದಿ. ಬೆವರು ಆರಿತು, ತಲಿನೋವು ಬರಲಿಲ್ಲ. ನಿನ್ನ ಹೊಟ್ಟಿ ತಣ್ಣಗಿರ್ಲಿ.” ಅಷ್ಟೇ. ಮುಂದಿನವರ ಹತ್ತಿರ ಹೋಗುವಳು.

ಚಹಾದವನನ್ನೂ ಬಿಡುತ್ತಿರಲಿಲ್ಲ. ಶುಂಠಿ ಚೆನ್ನಾಗಿತ್ತೆಂದು ಒಂದು ದಿನ ಅವನನ್ನು ನಿಲ್ಲಿಸಿ ಹೇಳಿದಳು.

“ಅಮ್ಮಾ, ಚಾ ಮಾಡೋದು ನನ್ನ ಕೆಲಸ ಐತಿ, ಅದಕ್ಕ್ಯಾಕ ಇಷ್ಟು?” ಎಂದ ಅವನು, ನಾಚಿಕೊಂಡು.

“ಕೆಲಸ ಅಂತ ನೀ ತಿಳಕೊಂಡಿ. ನನ್ನ ನಾಲಿಗಿ ಹಂಗ ತಿಳಕೊಂಡಿಲ್ಲಪ್ಪ!”

ಒಮ್ಮೆ ನಾನೇ ಕೇಳಿಬಿಟ್ಟೆ, ಇದೆಲ್ಲ ಯಾಕೆ, ದೊಡ್ಡದೊಂದು ನಮಸ್ಕಾರ ಹೇಳಿ ಹೋದರಾಗದೇ ಎಂದು. ಕತ್ತರಿ ನಿಲ್ಲಿಸಿ ನನ್ನನ್ನು ನೋಡಿದಳು. “ಎಲ್ಲರಿಗೂ ಒಂದ ನಮಸ್ಕಾರ ಹೊಡದ್ರ ಯಾರಿಗೂ ಮುಟ್ಟಂಗಿಲ್ಲ ತಾಯಿ. ಏನು ಮಾಡಿದ್ರು, ಅದರಿಂದ ನನಗೇನಾತು, ಎರಡೂ ಬಾಯಿಬಿಟ್ಟು ಹೇಳಬೇಕು. ಹೇಳದಂಗ ಮನಿಗೆ ಹೋದ್ರ ನನಗ ಉಂಡದ್ದು ಎದಿಮ್ಯಾಲ ಕುಂದರ್ತೈತಿ.” ನಾನು ಮುಖ ತಿರುಗಿಸಿ ನಕ್ಕೆ. ವಯಸ್ಸು ಇಪ್ಪತ್ತೊಂದು, ನಗು ಅಗ್ಗ.

ಜೀನ್ಸ್ ಹೊಲಿಯುವವರಿಗೆಲ್ಲ ಒಂದು ಭಯವಿದೆ. ಬಟ್ಟೆಯನ್ನು ಪದರದ ಮೇಲೆ ಪದರ ಹಾಸಿ ಕತ್ತರಿಸುತ್ತಾರೆ. ಒಂದೊಂದು ಪದರದ ನೀಲಿ ಕೂದಲೆಳೆಯಷ್ಟು ಬೇರೆ. ಅದಕ್ಕೇ ಪ್ರತಿ ತುಂಡಿಗೂ ನಂಬರ್ ಚೀಟಿ ಅಂಟಿಸಿರುತ್ತಾರೆ, ಒಂದೇ ನಂಬರಿನ ಎರಡು ಕಾಲು ಸೇರಿಸಿಯೇ ಹೊಲಿಯಬೇಕು. ತಪ್ಪಿದರೆ ಆಗ ಏನೂ ಕಾಣದು. ವಾಷಿಂಗಿಗೆ ಹೋಗಿ ಬಂದಾಗ ಒಂದು ಕಾಲು ಆಕಾಶ, ಇನ್ನೊಂದು ಕಾಲು ಶಾಯಿ! ಹಿಂದಿನ ತಿಂಗಳಷ್ಟೇ ಇದೇ ತಪ್ಪಿಗೆ ನಮಗೆ ಕೆಲಸ ಕೊಡುವ ಮಾಸ್ಟರ್, ಹೊಲಿಯುವ ಒಬ್ಬಾಕೆಯನ್ನು ನಿಂತ ನಿಲುವಿನಲ್ಲೇ ಮನೆಗೆ ಕಳಿಸಿದ್ದರು.

ನಾನೋ ಜಾಣೆ. ಚೀಟಿಯ ಅಂಟು ಸೂಜಿಗೆ ಹತ್ತಿ ದಾರ ಹರಿಯುತ್ತಿದೆಯೆಂದು ಒಂದಿಡೀ ಬಂಡಲಿನ ಚೀಟಿಗಳನ್ನು ಮೊದಲೇ ಕಿತ್ತುಹಾಕಿದೆ. ಸಾಲು ತಪ್ಪುವುದಿಲ್ಲವೆಂದು ನನ್ನ ಮೇಲೆ ನನಗೆ ನಂಬಿಕೆ. ನಡುವೆ ಬಂಡಲ್ ಜಾರಿ ನೆಲಕ್ಕೆ ಬಿತ್ತು. ಎತ್ತಿಕೊಂಡೆ, ಅಂದಾಜಿನ ಮೇಲೆ ಜೋಡಿಸಿದೆ, ಕಾಲುಗಳನ್ನು ಹೊಲಿದು ಬಾಗಿಲ ಹತ್ತಿರ ಒಟ್ಟಿದೆ.

ಜೋತಾಡುವ ದಾರ ಕಂಡರೆ ದಾರದಮ್ಮನ ಕೈ ಸುಮ್ಮನಿರುತ್ತಿರಲಿಲ್ಲ. ಆ ರಾಶಿಯಿಂದ ಒಂದು ಪ್ಯಾಂಟು ಎಳೆದುಕೊಂಡಳು. ಹೆಬ್ಬೆರಳಿನಿಂದ ಒಂದು ಕಾಲು ತಿಕ್ಕಿದಳು, ಇನ್ನೊಂದನ್ನು ತಿಕ್ಕಿದಳು, ನನ್ನನ್ನು ಕೈಸನ್ನೆಯಲ್ಲೇ ಕರೆದಳು.

“ಈ ಕಾಲು ಬಣ್ಣ ಬಿಡ್ತೈತಿ, ಈ ಕಾಲು ಬಿಡಂಗಿಲ್ಲ. ಚೀಟಿ ಎಲ್ಲಿ ಯವ್ವಾ?”

ನಾನು ಅಳಲು ಶುರುಮಾಡಿದೆ. ಕೊಳಗಲ್ಲಿನ ನಮ್ಮ ಮನೆಯ ಒಲೆ ಆಗ ನನ್ನ ದುಡಿಮೆಯ ಮೇಲೆಯೇ ಉರಿಯುತ್ತಿತ್ತು. ಬಟ್ಟೆ ತರಲು ಹೋದ ಮಾಸ್ಟರ್ ಬರುವುದು ಸಂಜೆಗೆ. “ಅಳೋದು ಆಮ್ಯಾಲ. ಮೊದ್ಲು ಬಿಚ್ಚು” ಎಂದು ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡಳು. ಊಟ ಬಿಟ್ಟು ಇಬ್ಬರೂ ಹೊಲಿಗೆ ಬಿಚ್ಚಿದೆವು. ಆಕೆ ತಿಕ್ಕಿ ತಿಕ್ಕಿ ಜೋಡಿ ಹುಡುಕಿದಳು, ನಾನು ಮತ್ತೆ ಹೊಲಿದೆ. ನನ್ನ ಹೆದರಿಕೆ ಮರೆಸಲೆಂದೋ ಏನೋ, ನಮ್ಮೂರಿನ ಬಾವಿಗೆ ಎಮ್ಮೆ ಬಿದ್ದ ಕಥೆಯನ್ನು ನನ್ನಿಂದ ಹೇಳಿಸಿಕೊಂಡಳು, ನಕ್ಕಳು. ಮಾಸ್ಟರ್ ಬರುವ ಹೊತ್ತಿಗೆ ಬಂಡಲ್ ಸರಿಯಾಗಿ ಕೂತಿತ್ತು. “ಕೇಳಿದ್ರ ನಡದದ್ದು ಹೇಳೋಣು” ಎಂದಳು. ಅವರು ಕೇಳಲಿಲ್ಲ.

ಇಷ್ಟಾದ ಮೇಲೆ ನಾನು ಮಾಡಿದ್ದೇನು? ಡಬ್ಬಿ ಎತ್ತಿಕೊಂಡು ಓಡಿದೆ. ಆಕೆಯ ಉಪಕಾರ ಬಾಯಿಬಿಟ್ಟು ಹೇಳಿದರೆ ತಪ್ಪು ಒಪ್ಪಿಕೊಂಡಂತೆ ಎಂಬ ಧಿಮಾಕು. ಒಂದು ವಾರ ಆಕೆಯ ಮುಂದೆ ಹಾಯಬಾರದೆಂದು, ಕತ್ತರಿಸಿದ ಚಿಂದಿ ರಾಶಿ ಹಾಕುವ ಹಿತ್ತಲ ಬಾಗಿಲಿನಿಂದ ಓಡಾಡಿದೆ.

ಎಂಟನೆಯ ದಿನ ಆಕೆಯೇ ನನ್ನ ಮಷೀನಿನ ಹತ್ತಿರ ಬಂದಳು. “ನಿನ್ನ ಹಿಡಿಯೋದ ಕಷ್ಟ ಆಗೇತಿ. ನಿನಗೊಂದು ಹೇಳೋದು ಉಳದೈತಿ ನೋಡು. ಅವತ್ತು ನನ್ನ ಕೂಡ ಕುಂತು ಎಮ್ಮಿ ಕತಿ ಹೇಳಿದಿ. ನಾ ಹಂಗ ನಕ್ಕು ಭಾಳ ದಿನ ಆಗಿತ್ತು. ನಿನ್ನ ಹೊಟ್ಟಿ ತಣ್ಣಗಿರ್ಲಿ.”

ಅಯ್ಯೋ ಶಿವನೇ! ನನ್ನ ಅನ್ನ ಉಳಿಸಿದವಳು ನನಗೇ ಹೇಳುತ್ತಿದ್ದಾಳೆ. ನಾನೇನಂದೆ ಗೊತ್ತೇ? “ಇರ್ಲಿ ಬಿಡ್ರಿ ಅಮ್ಮಾ” ಅಂದೆ, ನಾನೇ ಏನೋ ಕ್ಷಮಿಸಿದವಳಂತೆ.

ಮರುವರ್ಷ ಮದುವೆಯಾಗಿ ಸಿರುಗುಪ್ಪಕ್ಕೆ ಹೋದೆ. ಮನೆಯಲ್ಲೇ ರವಿಕೆ ಹೊಲಿಯುತ್ತೇನೆ. ಹೋದ ವರ್ಷ ಗಿರಾಕಿಯೊಬ್ಬಳು ಮಧ್ಯಾಹ್ನದ ಬಿಸಿಲಲ್ಲಿ ಬಂದು ಬಾಗಿಲಲ್ಲೇ ನಿಂತಳು. “ಅಕ್ಕಾ, ನೀವು ತೋಳು ಸಡ್ಲ ಇಟ್ಟಿದ್ರಲ್ಲ, ಹಿಟ್ಟು ನಾದುವಾಗ ಕಂಕುಳ ಹಿಡಿಯಂಗಿಲ್ಲ ಈಗ. ಅದನ್ನ ಹೇಳಾಕ ಬಂದೆ.” ಹೇಳಿ ಹೊರಟೇಹೋದಳು. ಹತ್ತು ವರ್ಷದಿಂದ ಹೊಲಿಯುತ್ತಿದ್ದೆ, ಅದೊಂದನ್ನೇ ಹೇಳಲು ಯಾರೂ ಬಂದಿರಲಿಲ್ಲ. ಎಷ್ಟು ಹಿತವಾಯಿತೆಂದರೆ ಕತ್ತರಿ ಕೆಳಗಿಟ್ಟು ಸುಮ್ಮನೆ ಕುಳಿತೆ. ನಾನು ದಾರದಮ್ಮನಿಗೆ ಕೊಡದೆ ಉಳಿಸಿಕೊಂಡದ್ದು ಇದೇ ಎಂದು ಆಗ ತಿಳಿಯಿತು, ನಾಚಿಕೆಯೂ ಆಯಿತು.

ಹಳೆಯ ಗೆಳತಿಯರನ್ನು ಕೇಳಿದೆ. ಕಣ್ಣು ಹೋದ ಮೇಲೆ ದಾರದಮ್ಮ ಕುರುಗೋಡಿನ ಮಗಳ ಮನೆಯಲ್ಲಿದ್ದಾಳೆಂದು ತಿಳಿಯಿತು. ಭಾನುವಾರ ಬಳ್ಳಾರಿಗೆ ಬಂದು, ಬಸ್ಸು ಬದಲಿಸಿ ಹೋದೆ. ಬಾಗಿಲ ಬಿಸಿಲಿಗೇ ಕುಳಿತಿದ್ದಳು. ಹೆಬ್ಬೆರಳು ಉಳಿದ ಬೆರಳುಗಳ ಬಣ್ಣಕ್ಕೇ ತಿರುಗಿತ್ತು. ಜತೆಗೆ ಕೆಲಸ ಮಾಡಿದವಳೆಂದೆ. ಗುರುತು ಹತ್ತಲಿಲ್ಲ.

“ಅಷ್ಟು ದೂರದಿಂದ ಬಂದಿ, ಮುಂಜಾನಿಂದ ಮಾತಿಗೆ ಯಾರೂ ಇದ್ದಿಲ್ಲ, ನಿನ್ನ ಹೊಟ್ಟಿ...”

“ತಡೀರಿ ಅಮ್ಮಾ! ಈ ಸಲ ಮೊದ್ಲು ನಾ ಹೇಳ್ತೀನಿ.”

ಹೇಳಿದೆ. ಆಕೆ ಕಲಿಸಿದ ಹಾಗೆಯೇ, ಏನು ಮಾಡಿದಳು, ಅದರಿಂದ ನನಗೇನಾಯಿತು, ಎರಡೂ. ಚೀಟಿ, ಬಿದ್ದ ಬಂಡಲ್, ಬಿಟ್ಟ ಊಟ, ಉಳಿದ ಕೆಲಸ, ಆ ಕೆಲಸದಿಂದ ಉಂಡ ಮನೆಮಂದಿ.  ಆಕೆ ಕಿವಿಗೊಟ್ಟು ಕೇಳಿದಳು.

ಮೂರು ತಿಂಗಳಿಗೆ ದಾರದಮ್ಮ ತೀರಿಕೊಂಡಳು. ನಾನು ಮುಟ್ಟುವಷ್ಟರಲ್ಲಿ ಮಣ್ಣು ಮಾಡಿ ಮುಗಿದಿತ್ತು. ಆ ಭಾನುವಾರ ಹೋಗದಿದ್ದರೆ ಏನಾಗುತ್ತಿತ್ತೆಂದು ಯೋಚಿಸಲು ನನಗೆ ಈಗಲೂ ಧೈರ್ಯವಿಲ್ಲ.

ಆ ಭಾನುವಾರ ಎಲ್ಲ ಕೇಳಿದ ಮೇಲೆ ಆಕೆ ನನ್ನ ಸೀರೆಯ ಸೆರಗನ್ನು ಹೆಬ್ಬೆರಳಿನಿಂದ ತಿಕ್ಕುತ್ತ ಕುಳಿತಿದ್ದಳು.

“ನಾನಾ ಮಾಡಿದ್ನಾ ಇದನ್ನೆಲ್ಲ?”

“ಹೂನ್ರಿ, ನೀವಾ.”

“ಒಂದೂ ನೆನಪಿಲ್ಲ ಯವ್ವಾ” ಎಂದು ನಕ್ಕಳು. “ಆದ್ರ ಕೇಳಾಕ ಭಾಳ ಚಲೋ ಐತಿ. ಇನ್ನೊಮ್ಮಿ ಹೇಳು.”

ನಾನು ಚೀಟಿ ಕಿತ್ತಲ್ಲಿಂದ ಮತ್ತೆ ಶುರುಮಾಡಿದೆ.